ಆರತಿ ನೀರಿನ ಕೆಂಪು ಮರಳಿ ಬಂದದ್ದೇಕೆ?

ಅರಿಶಿನದ ನೀರಿಗೆ ಸುಣ್ಣ ಬೆರೆಸಿದರೆ ಕೆಂಪಾಗುತ್ತದೆ. ಇದು ನಮ್ಮ ಅಜ್ಜಿಯಂದಿರಿಗೆಲ್ಲ ಗೊತ್ತಿದ್ದ ರಸಾಯನ ವಿಜ್ಞಾನ. ಆ ಆರತಿ ನೀರಿಗೆ ನಿಂಬೆರಸ ಹಿಂಡಿದರೆ ಮತ್ತೆ ಹಳದಿಯಾಗುತ್ತದೆ ಎಂಬುದನ್ನು ಹೈಸ್ಕೂಲಿನ ಮಕ್ಕಳೂ ಬಲ್ಲರು. ಸುಣ್ಣ ಪ್ರತ್ಯಾಮ್ಲ, ನಿಂಬೆಯಲ್ಲಿರುವುದು ಸಿಟ್ರಿಕ್ ಆಮ್ಲ, ಅರಿಶಿನ ಸೂಚಕ. ಪರೀಕ್ಷೆಯಲ್ಲಿ ಇಷ್ಟು ಬರೆದರೆ ಅಂಕ ಸಿಗುತ್ತದೆ.

ಆದರೆ ಕತೆ ಅಲ್ಲಿಗೆ ಮುಗಿಯುವುದಿಲ್ಲ. ಅರ್ಧ ಲೋಟ ನೀರಿಗೆ ಚಿಟಿಕೆ ಅರಿಶಿನ, ಅರ್ಧ ಚಮಚ ಎಲೆಯಡಿಕೆಯ ಸುಣ್ಣ ಹಾಕಿ ಕದಡಿ. (ಸುಣ್ಣದ ಕೆಲಸ ಹಿರಿಯರೇ ಮಾಡಲಿ.) ನಿಂಬೆರಸವನ್ನು ಹನಿಹನಿಯಾಗಿ ಬಿಡುತ್ತಾ ಬನ್ನಿ. ಹಳದಿ ಬಂದೊಡನೆ ನಿಲ್ಲಿಸಿ, ತುಸು ಹೊತ್ತು ಬಿಟ್ಟು ಮತ್ತೆ ಕಲಕಿ. ನೀರು ಪುನಃ ಕೆಂಪಾಗುತ್ತದೆ! ಇನ್ನಷ್ಟು ನಿಂಬೆ ಹಿಂಡಿದರೂ ಅದೇ ಆಟ.

ಈ ಕೆಂಪು ಎಲ್ಲಿಂದ ಬಂತು? ಲೋಟದ ತಳ ನೋಡಿ. ಒಂದು ಲೀಟರ್ ನೀರಿನಲ್ಲಿ 2 ಗ್ರಾಮಿನಷ್ಟು ಸುಣ್ಣವೂ ಕರಗುವುದಿಲ್ಲ. ಅಷ್ಟಕ್ಕೇ ದ್ರಾವಣ ಪರ್ಯಾಪ್ತವಾಗಿ, ಉಳಿದ ಸುಣ್ಣ ಕೆಳಗೆ ಕೂರುತ್ತದೆ. ಕರಗಿದ್ದನ್ನು ನಿಂಬೆರಸ ತಟಸ್ಥಗೊಳಿಸಿದ ಕೂಡಲೇ ತಳದಲ್ಲಿದ್ದದ್ದು ಕರಗಲಾರಂಭಿಸುತ್ತದೆ. ಅರಿಶಿನ ನಮಗೆ ತೋರಿಸುವುದು ಕೈಯಲ್ಲಿರುವ ಚಿಲ್ಲರೆಯನ್ನು ಮಾತ್ರ, ಪೆಟ್ಟಿಗೆಯಲ್ಲಿರುವ ಗಂಟನ್ನಲ್ಲ.

ಮಕ್ಕಳನ್ನು ಬಹಳವಾಗಿ ಕಾಡುವ ಪ್ರಬಲ ಮತ್ತು ದುರ್ಬಲ ಆಮ್ಲಗಳ ಗೊಂದಲವೂ ಇಲ್ಲಿ ಬಗೆಹರಿಯುತ್ತದೆ. ನೀರು ಬೆರೆಸಿ ತೆಳುವಾಗಿಸಿದ್ದು ದುರ್ಬಲ ಆಮ್ಲವಲ್ಲ, ಅದು ಸಾರರಿಕ್ತ ಆಮ್ಲ. ಹೈಡ್ರೋಕ್ಲೋರಿಕ್ ಆಮ್ಲವನ್ನು ಎಷ್ಟು ತೆಳುವಾಗಿಸಿದರೂ ಅದು ಪ್ರಬಲವೇ. ಅದರ ಅಣುಗಳು ನೀರಿನಲ್ಲಿ ಪೂರ್ತಿ ಅಯಾನುಗಳಾಗಿ ಒಡೆದಿರುತ್ತವೆ. ಅಡುಗೆಯ ವಿನೆಗರ್‌ನಲ್ಲಿರುವ ಅಸಿಟಿಕ್ ಆಮ್ಲದಲ್ಲಾದರೋ ನೂರಕ್ಕೆ ಒಂದು ಅಣುವೂ ಒಡೆದಿರುವುದಿಲ್ಲ. ಉಳಿದದ್ದೆಲ್ಲ ಗಂಟು! ಪ್ರತ್ಯಾಮ್ಲ ಸೇರಿಸುತ್ತಾ ಹೋದಂತೆ ಅದೂ ಒಡೆಯುತ್ತಾ ಬರುತ್ತದೆ. ಆದ್ದರಿಂದಲೇ, ಒಂದೇ ಸಾರತೆಯ ಈ ಎರಡು ಆಮ್ಲಗಳನ್ನು ಒಂದೇ ಪ್ರಮಾಣದಲ್ಲಿ ತೆಗೆದುಕೊಂಡರೆ, ಅವುಗಳನ್ನು ತಟಸ್ಥಗೊಳಿಸಲು ಬೇಕಾಗುವ ಪ್ರತ್ಯಾಮ್ಲ ಒಂದೇ ಅಳತೆಯದು. ದುರ್ಬಲ ಎಂದೊಡನೆ ಕಡಿಮೆ ಸಾಕು ಎಂದು ಬರೆಯುವ ಮಕ್ಕಳು ಎಡವುವುದು ಇಲ್ಲೇ.

ಹನಿ ಲೆಕ್ಕ ಹಾಕುವ ಹುಮ್ಮಸ್ಸಿದ್ದರೆ ಸುಣ್ಣದ ತಿಳಿನೀರನ್ನಷ್ಟೇ ಬಗ್ಗಿಸಿಕೊಂಡು ಅರಿಶಿನ ಬೆರೆಸಿ. ಗಂಟು ಇಲ್ಲದ್ದರಿಂದ ಹಳದಿ ಸ್ಥಿರವಾಗಿ ನಿಲ್ಲುತ್ತದೆ. ನಿಂಬೆರಸಕ್ಕೆ ಸಮಪಾಲು ನೀರು ಸೇರಿಸಿ ಪುನಃ ಮಾಡಿ. ಹನಿಗಳು ಸುಮಾರು ಎರಡರಷ್ಟಾಗುತ್ತವೆ. ಬಚ್ಚಲು ತೊಳೆಯುವ ಆಸಿಡ್ ಬಾಟಲಿಯನ್ನು ಮಾತ್ರ ಮುಟ್ಟಬೇಡಿ.

ತಂದೆತಾಯಿಗಳಿಗೊಂದು ಮಾತು. ಸುಣ್ಣ ಕಣ್ಣಿಗೆ ಸಿಡಿದರೆ ಬಲು ಅಪಾಯ, ಕಾರಣ ಇದೇ ಗಂಟು. ರೆಪ್ಪೆಯಡಿ ಸಿಕ್ಕಿಕೊಂಡ ಕಣ ಕಣ್ಣೀರಿನಲ್ಲಿ ಕರಗುತ್ತಲೇ ಇರುತ್ತದೆ. ಪ್ರತ್ಯಾಮ್ಲಕ್ಕೆ ಆಮ್ಲ ಮದ್ದು ಎಂದು ನಿಂಬೆರಸ ಹಾಕಬೇಡಿ. ಆಮ್ಲವೂ ಕಣ್ಣನ್ನು ಸುಡುತ್ತದೆ. ತಡಮಾಡದೆ ರೆಪ್ಪೆ ಅಗಲಿಸಿ ಹಿಡಿದು, ಧಾರಾಳವಾಗಿ ಶುದ್ಧ ನೀರು ಹಾಯಿಸುತ್ತಾ ಕಡಿಮೆಯೆಂದರೂ 20 ನಿಮಿಷ ತೊಳೆಯಿರಿ. ಆಮೇಲೆ ಉರಿ ಕಡಿಮೆಯಾಗಿದ್ದರೂ ಸರಿಯೇ, ಕಣ್ಣಿನ ವೈದ್ಯರಲ್ಲಿಗೆ ಹೊರಡಿ.