ಉಳುವ ಟ್ರ್ಯಾಕ್ಟರೋ, ಅಗೆಯುವ ಟ್ರ್ಯಾಕ್ಟರೋ?

ಯುಗಾದಿ ಕಳೆದು, ಮುಂಗಾರಿಗೆ ಹೊಲ ಹಸನು ಮಾಡುವ ಹೊತ್ತಿಗೆ ಸೆಕೆಂಡ್ ಹ್ಯಾಂಡ್ ಟ್ರ್ಯಾಕ್ಟರ್ ವ್ಯಾಪಾರ ಜೋರಾಗುತ್ತದೆ. ಹೆದ್ದಾರಿ ಬದಿಯ ಬಯಲುಗಳಲ್ಲಿ ತೊಳೆದು, ಬಣ್ಣ ಹೊಡೆದು, ಟೈರಿಗೆ ಕಪ್ಪು ಬಳಿದು ನಿಲ್ಲಿಸಿದ ಗಾಡಿಗಳ ಸಾಲು. ಹೊಸದು ಕೊಂಡವರು ಬಿಟ್ಟುಕೊಟ್ಟವು ಕೆಲವು. ಕಂತು ಕಟ್ಟಲಾಗದೆ ಫೈನಾನ್ಸ್‌ನವರು ಸೀಜ್ ಮಾಡಿ ತಂದವು ಇನ್ನು ಕೆಲವು. ಈಚೆಗೆ ಆ ಸಾಲಿನಲ್ಲಿ ಹಳದಿ ಬಣ್ಣದವೂ ಕಾಣುತ್ತಿವೆ. ಮುಂದೆ ಬಕೆಟ್, ಹಿಂದೆ ಅಗೆಯುವ ತೋಳು. “ಇದನ್ನೇ ತಗೊಳ್ಳಿ ಅಣ್ಣಾ, ಹೊಲದ ಕೆಲಸಾನೂ ಆಗುತ್ತೆ, ಬಾಡಿಗೆಗೂ ಓಡುತ್ತೆ” ಎನ್ನುತ್ತಾನೆ ಏಜೆಂಟ್. ಬಾಡಿಗೆಗೆ ಓಡುವುದು ನಿಜ. ಹೊಲದ ಕೆಲಸ ಆಗುತ್ತದೆ ಎಂಬುದು ಮಾತ್ರ ನಿಜವಲ್ಲ, ಮತ್ತು ಆ ಮಾತನ್ನು ನಂಬಿ ಕೈಯಲ್ಲಿದ್ದ ದುಡ್ಡು ಸುರಿದ ಕುಟುಂಬಗಳು ನಮ್ಮ ಹಳ್ಳಿಗಳಲ್ಲಿವೆ. ಹೊಸ ಗಾಡಿಗೆ ಸಾಲ ಹುಟ್ಟದ ಸಣ್ಣ ರೈತನೇ ಹಳೆಯದನ್ನು ಹುಡುಕಿಕೊಂಡು ಬರುವುದರಿಂದ ಇಲ್ಲಿ ಆಯ್ಕೆ ತಪ್ಪಿದರೆ ಪೆಟ್ಟು ಬೀಳುವುದು ತಡೆದುಕೊಳ್ಳಲಾಗದವನಿಗೇ.

ಎರಡೂ ಯಂತ್ರಗಳು ಹುಟ್ಟಿದ್ದು ಒಂದೇ ಮನೆಯಲ್ಲಿ. ನೇಗಿಲನ್ನು ಟ್ರ್ಯಾಕ್ಟರಿನ ಹಿಂದೆ ಸುಮ್ಮನೆ ಕಟ್ಟಿ ಎಳೆಯುವ ಬದಲು ಮೂರು ಕೊಂಡಿಗಳಲ್ಲಿ ಅದರ ಬೆನ್ನಿಗೇ ಸೇರಿಸಿ, ಹೈಡ್ರಾಲಿಕ್ ಒತ್ತಡದಿಂದ ಎತ್ತಿಳಿಸುವ ವ್ಯವಸ್ಥೆಯನ್ನು ರೂಪಿಸಿದವನು ಐರ್ಲೆಂಡಿನ ಹ್ಯಾರಿ ಫರ್ಗುಸನ್. 1939ರಲ್ಲಿ ಬಂದ ಫೋರ್ಡ್ 9ಎನ್ ಟ್ರ್ಯಾಕ್ಟರಿನ ಮೂಲಕ ಅದು ಸಾಮಾನ್ಯ ರೈತರ ಕೈಗೆ ಸಿಕ್ಕಿತು. ಇಂದು ನಮ್ಮಲ್ಲಿ ಓಡುವ ಪ್ರತಿಯೊಂದು ಕೃಷಿ ಟ್ರ್ಯಾಕ್ಟರಿನ ಹಿಂಭಾಗದಲ್ಲೂ ಇರುವುದು ಆ ಮೂರು ಕೊಂಡಿಗಳೇ. ಎರಡನೇ ಮಹಾಯುದ್ಧ ಮುಗಿದ ಮೇಲೆ ಮನೆ, ರಸ್ತೆ ಕಟ್ಟುವ ಕೆಲಸಕ್ಕೆ ಕೈಗೆಟುಕಿದ್ದು ಇದೇ ಟ್ರ್ಯಾಕ್ಟರ್. ಅದರ ಮುಂದೆ ಮಣ್ಣು ಎತ್ತುವ ಬಕೆಟ್, ಹಿಂದೆ ಗುಂಡಿ ತೋಡುವ ತೋಳು ಕೂಡಿಸಿದರು. 1953ರಲ್ಲಿ ಇಂಗ್ಲೆಂಡಿನ ಜೋಸೆಫ್ ಸಿರಿಲ್ ಬ್ಯಾಮ್‌ಫರ್ಡ್ ಫೋರ್ಡ್‌ಸನ್ ಮೇಜರ್ ಎಂಬ ಹೊಲದ ಟ್ರ್ಯಾಕ್ಟರಿಗೇ ಇವನ್ನು ಜೋಡಿಸಿದ. ಕೆಲಸ ಹೆಚ್ಚಿದಂತೆ ಹೊಲದ ಟ್ರ್ಯಾಕ್ಟರಿನ ಮೈ ಆ ಭಾರ ತಾಳದೆಂದು ಗೊತ್ತಾಗಿ, ಅಗೆಯುವುದಕ್ಕೆಂದೇ ಬೇರೆ ಯಂತ್ರ ಕಟ್ಟಲು ತೊಡಗಿದರು. ಬ್ಯಾಮ್‌ಫರ್ಡನ ಜೆಸಿಬಿ ಕಂಪನಿ 1979ರಲ್ಲಿ ಹರಿಯಾಣದ ಬಲ್ಲಭಗಢಕ್ಕೆ ಬಂತು. ಅಲ್ಲಿಗೆ ಹತ್ತಿರದ ಫರೀದಾಬಾದಿನಲ್ಲಿ ಐಷರ್ ಕಂಪನಿ ದೇಶದ ಮೊದಲ ಟ್ರ್ಯಾಕ್ಟರನ್ನು ಹೊರತಂದು ಆಗಲೇ ಇಪ್ಪತ್ತು ವರ್ಷ ಕಳೆದಿತ್ತು.

ಹೊಲದ ಟ್ರ್ಯಾಕ್ಟರಿನ ಮೈಯನ್ನು ಒಮ್ಮೆ ಗಮನವಿಟ್ಟು ನೋಡಬೇಕು. ಲಾರಿಗೆ ಇರುವಂಥ ಚಾಸಿಸ್ ಅದಕ್ಕಿಲ್ಲ. ಇಂಜಿನ್, ಕ್ಲಚ್ ಹೌಸಿಂಗ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ಹೌಸಿಂಗ್, ಇವೆಲ್ಲ ಎರಕದ ಪೆಟ್ಟಿಗೆಗಳು. ಒಂದಕ್ಕೊಂದು ಬೋಲ್ಟಿನಲ್ಲಿ ಬಿಗಿದುಕೊಂಡು ಅವೇ ಗಾಡಿಯ ಬೆನ್ನೆಲುಬಾಗಿವೆ. ಭಾರದ ಹೆಚ್ಚು ಪಾಲು ಹಿಂದಿನ ದೊಡ್ಡ ಚಕ್ರಗಳ ಮೇಲೆ. ನೇಗಿಲು ಮಣ್ಣಿಗಿಳಿದು ಎಳೆತ ಶುರುವಾದರೆ ಭಾರ ಇನ್ನಷ್ಟು ಹಿಂದಕ್ಕೆ ಸರಿಯುತ್ತದೆ, ಚಕ್ರ ನೆಲ ಕಚ್ಚುತ್ತದೆ. ಮುಂದಿನ ಆಕ್ಸಲ್‌ಗೆ ಮುಖ್ಯವಾಗಿ ದಾರಿ ತೋರಿಸುವ ಕೆಲಸ, ಆದ್ದರಿಂದ ಅದನ್ನು ಹಗುರವಾಗಿ ಮಾಡಿರುತ್ತಾರೆ. ಎರೆ ಭೂಮಿಯ ಬಿಗಿ ಜಾಗ ಬಂದಾಗ ಮೇಲಿನ ಕೊಂಡಿಯ ಮೇಲೆ ಬೀಳುವ ಒತ್ತಡವನ್ನು ಗುರುತಿಸಿ ನೇಗಿಲನ್ನು ತಾನೇ ತುಸು ಮೇಲೆತ್ತುವ ಡ್ರಾಫ್ಟ್ ಕಂಟ್ರೋಲ್, ರೋಟಾವೇಟರ್ ತಿರುಗಿಸಲು ನಿಮಿಷಕ್ಕೆ 540 ಸುತ್ತಿನ ಪಿಟಿಒ, ಹೊರೆ ಹೊತ್ತು ನಿಧಾನ ನಡೆಯಲು ಸಾಲುಸಾಲು ಗೇರು, ಇವಿಷ್ಟೂ ಎಳೆಯುವುದಕ್ಕೆಂದೇ ಇರುವ ಏರ್ಪಾಡು.

ಅಗೆಯುವ ಯಂತ್ರದ್ದು ಇದಕ್ಕೆ ತದ್ವಿರುದ್ಧ. ಬಕೆಟ್ ತುಂಬಿದಾಗ ಭಾರವೆಲ್ಲ ಮುಂದಿನ ಆಕ್ಸಲ್ ಮೇಲೆ, ಅದೂ ಆಕ್ಸಲ್‌ಗಿಂತ ಮುಂದೆ ನೇತಾಡುತ್ತದೆ. ಆದ್ದರಿಂದ ಮುಂದಿನ ಆಕ್ಸಲ್ ದಪ್ಪ ಎರಕದ್ದು, ಮೈಯುದ್ದಕ್ಕೂ ಉಕ್ಕಿನ ಚೌಕಟ್ಟು. ಮಣ್ಣು ಬಾಚಿ ಹಿಂದೆ ಬರಬೇಕು, ಟಿಪ್ಪರಿಗೆ ಸುರಿಯಲು ಮುಂದೆ ಹೋಗಬೇಕು, ಮತ್ತೆ ಹಿಂದೆ. ದಿನಕ್ಕೆ ನೂರಾರು ಸಲ ನಡೆಯುವ ಈ ಹಿಂದುಮುಂದಿಗೆ ಟಾರ್ಕ್ ಕನ್ವರ್ಟರ್ ಇರುತ್ತದೆ, ಕಾಲಲ್ಲಿ ಕ್ಲಚ್ ತುಳಿಯುವ ಗೋಜಿಲ್ಲ. ಹೈಡ್ರಾಲಿಕ್ ಪಂಪು ಎಡೆಬಿಡದೆ ಎಣ್ಣೆ ದೂಡುವಷ್ಟು ದೊಡ್ಡದು. ಟೈರಿನ ಗುಬ್ಬುಗಳು ಅಗಲ, ಗಿಡ್ಡ. ಕಲ್ಲು, ಕಾಂಕ್ರೀಟಿನ ಮೇಲೆ ಬೇಗ ಸವೆಯುವುದಿಲ್ಲ, ಕೆಸರಿನಲ್ಲಿ ಮಾತ್ರ ಹಿಡಿತವಿಲ್ಲದೆ ಜಾರುತ್ತವೆ. ನೇಗಿಲು ಕಟ್ಟುವ ಮೂರು ಕೊಂಡಿ ಇರಬೇಕಾದ ಜಾಗದಲ್ಲಿ ಅಗೆಯುವ ತೋಳು ಕೂತಿದೆ. ತೋಳು ಬಿಚ್ಚಿಸಿದರೂ ಕೊಂಡಿ ಬರುವುದಿಲ್ಲ, ಪಿಟಿಒ ಇಲ್ಲ.

ಎಲ್ಲಕ್ಕಿಂತ ಮುಖ್ಯ ಅದರ ತೂಕ. 45 ಅಶ್ವಶಕ್ತಿಯ ಹೊಲದ ಟ್ರ್ಯಾಕ್ಟರು ಎರಡು ಟನ್ನಿನ ಆಸುಪಾಸು ತೂಗಿದರೆ, ಜೆಸಿಬಿ ಮಾದರಿಯ ಯಂತ್ರ ಏಳು ಟನ್ನು ದಾಟುತ್ತದೆ. ಹಸಿ ಎರೆ ಮಣ್ಣಿನ ಮೇಲೆ ಅದನ್ನು ಒಂದೇ ದಿನ ಓಡಾಡಿಸಿದರೂ ಉಳುಮೆಯ ಆಳಕ್ಕಿಂತ ಕೆಳಗೆ ಮಣ್ಣು ಬಿಗಿದು ಗಟ್ಟಿ ಪದರವಾಗುತ್ತದೆ. ಮೇಲೆ ರೋಟಾವೇಟರ್ ಹೊಡೆದು ನುಣುಪು ಮಾಡಿದರೆ ಕಣ್ಣಿಗೆ ಕಾಣದು. ಮಳೆ ಬಂದಾಗ ನೀರು ಇಂಗದೆ ನಿಲ್ಲುತ್ತದೆ, ತೊಗರಿಯ ಬೇರು ಆ ಪದರದ ಹತ್ತಿರ ಹೋಗಿ ಅಡ್ಡಕ್ಕೆ ತಿರುಗುತ್ತದೆ. ಮನೆಯ ಹೊಲಕ್ಕೆಂದು ಭಾರದ ಯಂತ್ರ ಕೊಳ್ಳುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ. ಬಕೆಟ್ಟಿನ ಬಲ ಎದುರಿಗೇ ಕಾಣುತ್ತದೆ, ಮಣ್ಣಿನೊಳಗಿನ ನಷ್ಟ ಕಾಣಬೇಕಾದರೆ ಸುಗ್ಗಿಯೇ ಬರಬೇಕು.

ಹಾಗಾದರೆ ಹೊಲದ ಟ್ರ್ಯಾಕ್ಟರಿಗೇ ಲೋಡರ್ ಕೂಡಿಸಿಕೊಂಡರೆ? ತಿಪ್ಪೆ ಗೊಬ್ಬರ ತುಂಬಲು, ತೆಂಗಿನ ಗರಿ ಸರಿಸಲು ಸಾಕು. ದಿನವಿಡೀ ಕೆರೆಯ ಹೂಳು ತುಂಬಲು ನಿಲ್ಲಿಸಿದರೆ ಕಿಂಗ್‌ಪಿನ್ ಬುಷ್, ಮುಂದಿನ ಹಬ್ ಬೇರಿಂಗ್, ಕ್ಲಚ್‌ಪ್ಲೇಟ್ ಒಂದರ ಹಿಂದೊಂದು ಹೋಗುತ್ತವೆ. ಹಿಂದಿನ ಮೂರು ಕೊಂಡಿಗೆ ಅಗೆಯುವ ತೋಳನ್ನು ನೇತುಹಾಕುವುದಂತೂ ಅಪಾಯ. ತೋಳು ನೆಲ ಕಿತ್ತಾಗಿನ ತಿರುಚು ನೇರವಾಗಿ ಆ ಎರಕದ ಬೆನ್ನೆಲುಬಿಗೇ ಬಂದು ಹೌಸಿಂಗ್ ಸೀಳುತ್ತದೆ. ಆಕ್ಸಲ್‌ನಿಂದ ಇಂಜಿನ್‌ವರೆಗೆ ಹಾಯುವ ಸಬ್‌ಫ್ರೇಮ್ ಇಲ್ಲದೆ ತೋಳು ಕಟ್ಟಿದ ಗಾಡಿ ಎಷ್ಟೇ ಅಗ್ಗಕ್ಕೆ ಬಂದರೂ ಬೇಡ.

ಇಲ್ಲಿಯವರೆಗಿನದು ಬಣ್ಣ, ಆಕಾರ ನೋಡಿದರೇ ಗೊತ್ತಾಗುವ ವ್ಯತ್ಯಾಸ. ಮಾರುಕಟ್ಟೆಯಲ್ಲಿ ಹೆಚ್ಚು ಸಿಗುವುದು ಮೂರನೆಯ ಬಗೆ: ಕಾಗದದಲ್ಲಿ ಕೃಷಿ ಟ್ರ್ಯಾಕ್ಟರ್, ಬಾಳಿದ್ದು ಮಾತ್ರ ಕಾರ್ಖಾನೆ, ಕ್ವಾರಿ, ಭಟ್ಟಿಗಳ ಬದುಕು. ಹಿಂದೆ ಎತ್ತು ಕೊಳ್ಳುವವರು ಹಲ್ಲು ಎಣಿಸಿ ಸುಮ್ಮನಾಗುತ್ತಿರಲಿಲ್ಲ, ಹೆಗಲ ಮೇಲಿನ ನೊಗದ ಜಡ್ಡನ್ನೂ ಮುಟ್ಟಿ ನೋಡುತ್ತಿದ್ದರು. ಟ್ರ್ಯಾಕ್ಟರಿಗೂ ಅಂಥ ಜಡ್ಡುಗಳಿವೆ. ಮಾಡೆಲ್ ಯಾವ ವರ್ಷದ್ದು, ಎಷ್ಟು ಎಚ್‌ಪಿ ಎಂದು ಕೇಳುವ ಮೊದಲು ಇದು ಏನು ಕೆಲಸ ಮಾಡಿದೆ ಎಂದು ಕೇಳಬೇಕು. ಮಾರುವವನು ಹೇಳದಿದ್ದರೆ ಗಾಡಿಯೇ ಹೇಳುತ್ತದೆ.

ಬೆಳಗಾವಿ, ಬಾಗಲಕೋಟೆ, ಮಂಡ್ಯ ಕಡೆ ಕಬ್ಬು ಸಾಗಿಸಿದ ಗಾಡಿಯನ್ನು ತೆಗೆದುಕೊಳ್ಳಿ. ಎರಡೆರಡು ಟ್ರೇಲರ್ ಕಟ್ಟಿಕೊಂಡು ಇಡೀ ಹಂಗಾಮು ರಸ್ತೆಯಲ್ಲೇ ಓಡಿರುತ್ತದೆ. ಅದರ ಲಿಫ್ಟ್ ಹೊಸದರಂತೆ ಇರುತ್ತದೆ, ಪಿಟಿಒ ಹಲ್ಲುಗಳ ಮೇಲೆ ಗೀರೂ ಇರುವುದಿಲ್ಲ. ಆದರೆ ಟ್ರೇಲರ್ ಸಿಕ್ಕಿಸುವ ಹಿಚ್‌ನ ತೂತಿಗೆ ಬೆರಳು ಹಾಕಿ ನೋಡಿದರೆ ದುಂಡಗಿದ್ದದ್ದು ಮೊಟ್ಟೆಯಾಕಾರಕ್ಕೆ ಸವೆದಿರುತ್ತದೆ. ಬ್ರೇಕು, ಕ್ಲಚ್ಚು, ಮೇಲಿನ ಗೇರಿನ ಹಲ್ಲು ಬಳಲಿರುತ್ತವೆ. ಗಂಗಾವತಿ, ಸಿಂಧನೂರಿನ ಗದ್ದೆಗಳಲ್ಲಿ ಕೇಜ್ ವೀಲ್ ಹಾಕಿ ಕೆಸರು ಹೊಡೆದ ಗಾಡಿಯ ಕಥೆಯೇ ಬೇರೆ: ಕ್ಲಚ್ ಪರವಾಗಿಲ್ಲ, ಆದರೆ ಆಯಿಲ್ ಸೀಲಿನ ಸಂದಿಯಲ್ಲಿ ಕೆಸರು ನುಗ್ಗಿ ಬೇರಿಂಗ್ ತಿಂದಿರುತ್ತದೆ. ಹಿಂದಿನ ಚಕ್ರದ ಒಳಬದಿಯಲ್ಲಿ ಎಣ್ಣೆ ಜಿನುಗಿ ಧೂಳು ಕೂತ ಗುರುತಿದ್ದರೆ ಅದೇ ಸಾಕ್ಷಿ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುವುದು ಕಂಪ್ರೆಸರ್ ಗಾಡಿ. ಬಾವಿಯಲ್ಲಿ ಬಂಡೆ ಕೊರೆಯಲು, ಕ್ವಾರಿಯಲ್ಲಿ ತೂತು ಹೊಡೆಯಲು ಟ್ರ್ಯಾಕ್ಟರಿನ ಮೇಲೆ ಏರ್ ಕಂಪ್ರೆಸರ್ ಕೂರಿಸಿರುತ್ತಾರೆ. ಗಾಡಿ ನಿಂತಲ್ಲೇ ನಿಂತು ಗಂಟೆಗಟ್ಟಲೆ ಭರ್ತಿ ವೇಗದಲ್ಲಿ ಇಂಜಿನ್ ಓಡಿಸುತ್ತದೆ, ಅದೂ ಕಲ್ಲಿನ ಧೂಳಿನ ನಡುವೆ. ಚಕ್ರ ಉರುಳಿದ್ದೇ ಕಡಿಮೆ. ಹೀಗಾಗಿ ಟೈರು ಹೊಸದು, ಸ್ಟೇರಿಂಗ್ ಬಿಗಿ, ಗೇರು ಮೆತ್ತಗೆ. ಇಂಜಿನ್ನಿನ ಲೈನರ್, ಪಿಸ್ಟನ್ ರಿಂಗು ಮಾತ್ರ ಮುಗಿದ ಕಥೆ. ಕಂಪ್ರೆಸರ್ ಇಳಿಸಿ, ಬಣ್ಣ ಹೊಡೆದು, ಗಂಟೆ ತೋರಿಸುವ ಮೀಟರ್ ಬದಲಾಯಿಸಿ ನಿಲ್ಲಿಸಿದರೆ ಟೈರು ನೋಡಿ ಬೆಲೆ ಕಟ್ಟುವವನು ಸಿಕ್ಕಿಬೀಳುತ್ತಾನೆ. ಮಡ್‌ಗಾರ್ಡ್ ಪಕ್ಕ, ಆಕ್ಸಲ್ ಹೌಸಿಂಗಿನ ಮೇಲೆ ಕಂಪನಿಯದಲ್ಲದ ಬೋಲ್ಟ್ ತೂತುಗಳು, ಕತ್ತರಿಸಿ ಉಜ್ಜಿದ ವೆಲ್ಡಿಂಗ್ ಕಲೆಗಳು ಇವೆಯೇ ಎಂದು ಹುಡುಕಬೇಕು.

ದಾವಣಗೆರೆ ಕಡೆಯ ಹಿರಿಯ ಮೆಕ್ಯಾನಿಕ್ ಒಬ್ಬರು ಗಾಡಿ ನೋಡುವ ಕ್ರಮವನ್ನು ನಾನು ಪಕ್ಕದಲ್ಲೇ ನಿಂತು ಗಮನಿಸಿದ್ದೇನೆ. ಅವರು ಮೊದಲು ಕೈಯಿಟ್ಟಿದ್ದು ಇಂಜಿನ್ನಿನ ಮೈಮೇಲೆ. ಬೆಚ್ಚಗಿತ್ತು. “ಬರೋದಕ್ಕೆ ಮುಂಚೆ ಸ್ಟಾರ್ಟ್ ಮಾಡಿದೀರಿ, ಸಂಜೆ ಬರ್ತೀವಿ, ಮುಟ್ಟಬೇಡಿ” ಎಂದು ಹೊರಟೇಬಿಟ್ಟರು. ಸಂಜೆ ತಣ್ಣಗಿದ್ದ ಇಂಜಿನ್ ಸ್ಟಾರ್ಟ್ ಮಾಡಿಸಿ, ಹೊಗೆಯನ್ನು ಬೆಳಕಿಗೆ ಅಡ್ಡವಾಗಿ ನೋಡಿದರು. ನೀಲಿ ಛಾಯೆ ನಿಂತೇ ಇದ್ದರೆ ಆಯಿಲ್ ಸುಡುತ್ತಿದೆ ಎಂದರ್ಥ. ಆಯಿಲ್ ಹಾಕುವ ಮುಚ್ಚಳ ತೆಗೆದು ಅಂಗೈ ಹಿಡಿದರು. ಗಾಳಿ ಬುಸುಬುಸು ತಳ್ಳಿದರೆ ರಿಂಗು ಹೋಗಿದೆ. ಡಿಪ್‌ಸ್ಟಿಕ್ ಒರೆಸಿ, ಆಯಿಲ್ ಮಜ್ಜಿಗೆ ಬಣ್ಣಕ್ಕೆ ತಿರುಗಿದೆಯೇ ಎಂದು ಪರೀಕ್ಷಿಸಿದರು. ತಿರುಗಿದ್ದರೆ ನೀರು ಸೇರಿದೆ. ಮುಂದಿನ ಚಕ್ರವನ್ನು ಜಾಕಿನ ಮೇಲೆತ್ತಿ ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿದರು. ಕೊನೆಗೆ ಟಾರ್ಚ್ ಹಿಡಿದು ಗಾಡಿಯ ಕೆಳಗೆ ಮಲಗಿ, ಕ್ಲಚ್ ಹೌಸಿಂಗ್ ಮತ್ತು ಗೇರ್‌ಬಾಕ್ಸ್ ಕೂಡುವ ಗೆರೆಯುದ್ದಕ್ಕೂ ಉಗುರು ಎಳೆದರು. ಹೊಸ ಬಣ್ಣದ ಅಡಿಯಲ್ಲಿ ಬೆಸುಗೆಯ ಉಬ್ಬು ಉಗುರಿಗೆ ಸಿಕ್ಕಿತು. ಎದ್ದು ಕೈ ಒರೆಸಿಕೊಂಡು, “ಇದು ಲೋಡರ್ ಹೊತ್ತ ಗಾಡಿ” ಎಂದರು. ವ್ಯಾಪಾರ ಅಲ್ಲಿಗೆ ಮುಗಿಯಿತು.

ಹಳದಿ ಯಂತ್ರವನ್ನೇ ಕೊಳ್ಳಬೇಕಾದವರೂ ಇದ್ದಾರೆ. ಕೃಷಿಹೊಂಡ, ಬದು, ಬಸಿಗಾಲುವೆ, ಪೈಪ್‌ಲೈನ್ ಕೆಲಸಗಳು ಸುತ್ತಲಿನ ಹಳ್ಳಿಗಳಿಂದ ವರ್ಷದ ಹೆಚ್ಚು ದಿನ ಸಿಗುತ್ತವೆ, ನಂಬಿಕಸ್ತ ಆಪರೇಟರ್ ಇದ್ದಾನೆ ಎನ್ನುವವರಿಗೆ ಅದು ದುಡಿಮೆಯ ಯಂತ್ರ. ಅದನ್ನು ನೋಡುವಾಗ ಗಮನ ತೋಳಿನ ಪಿನ್ನು, ಬುಷ್‌ಗಳ ಮೇಲಿರಬೇಕು. ತೋಳನ್ನು ಪೂರ್ತಿ ಚಾಚಿ, ನೆಲದಿಂದ ಮೊಳದೆತ್ತರ ನಿಲ್ಲಿಸಿ ಬಕೆಟ್ಟನ್ನು ಎಡಬಲಕ್ಕೆ ತಳ್ಳಿದರೆ ಎಷ್ಟು ಸಡಿಲವಿದೆ ಎಂಬುದು ತಿಳಿಯುತ್ತದೆ. ಹಾಗೇ ಸ್ವಲ್ಪ ಹೊತ್ತು ಬಿಟ್ಟರೆ ತಾನಾಗಿ ಕುಸಿಯುತ್ತದೆಯೇ, ಸಿಲಿಂಡರಿನ ಹೊಳೆಯುವ ರಾಡಿನ ಮೇಲೆ ಗೀರು ಬಿದ್ದಿದೆಯೇ ನೋಡಬೇಕು. ಗೀರು ಬಿದ್ದ ರಾಡು ಹೊಸ ಸೀಲನ್ನೂ ಹರಿಯುತ್ತದೆ.

ಐದಾರು ಎಕರೆ ಹೊಲ, ತೋಟವಿದ್ದು, ಅಗೆತದ ಕೆಲಸ ವರ್ಷಕ್ಕೆ ಕೆಲವೇ ದಿನ ಬೀಳುವ ರೈತನಿಗೆ ನಾನು ಹೇಳುವುದು ಇಷ್ಟೇ: ಉಳುವ ಟ್ರ್ಯಾಕ್ಟರ್ ಕೊಳ್ಳಿ, ಅಗೆಯುವುದನ್ನು ಗಂಟೆ ಬಾಡಿಗೆಗೆ ತನ್ನಿ. ಭೂಮಿ ಅದಕ್ಕಿಂತ ಕಡಿಮೆಯಿದ್ದರೆ ಟ್ರ್ಯಾಕ್ಟರನ್ನೂ ಕೊಳ್ಳುವ ಮುನ್ನ ಯೋಚಿಸಬೇಕು. ರಾಜ್ಯದಲ್ಲಿ 2014-15ರಿಂದ ಇರುವ ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ಟ್ರ್ಯಾಕ್ಟರ್, ಉಪಕರಣಗಳು ಬಾಡಿಗೆಗೆ ಸಿಗುತ್ತವೆ.

ಕಾಗದಪತ್ರದ ವಿಷಯ. ಕೃಷಿ ಟ್ರ್ಯಾಕ್ಟರ್ ಸಾರಿಗೆಯೇತರ ವಾಹನವಾಗಿ ನೋಂದಣಿಯಾಗಿರುತ್ತದೆ. ಅದರಲ್ಲಿ ಬಾಡಿಗೆಗೆ ಜಲ್ಲಿ, ಇಟ್ಟಿಗೆ ಹೊತ್ತು ಅಪಘಾತವಾದರೆ ವಿಮಾ ಕಂಪನಿ ತಕರಾರು ತೆಗೆಯುತ್ತದೆ, ಪರಿಹಾರದ ಹೊರೆ ಮಾಲೀಕನ ತಲೆಗೆ ಬರಬಹುದು. ಅಗೆಯುವ ಯಂತ್ರ ನಿರ್ಮಾಣ ಸಲಕರಣೆ ವಾಹನದ ಸಾಲಿನದು. ಆರ್‌ಸಿಯಲ್ಲಿರುವ ಇಂಜಿನ್, ಚಾಸಿಸ್ ನಂಬರನ್ನು ಗಾಡಿಯ ಮೇಲೆ ಕೊರೆದದ್ದರ ಜೊತೆ ಅಕ್ಷರ ಅಕ್ಷರ ಹೋಲಿಸಬೇಕು. ಸಾಲದ ನಮೂದಿದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರ್ಮ್ 35 ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬಾರದು. ಫಾರ್ಮ್ 29, 30ಕ್ಕೆ ಸಹಿ ಹಾಕಿಸಿಕೊಂಡು ತಡಮಾಡದೆ ಹೆಸರು ವರ್ಗಾಯಿಸಿಕೊಳ್ಳಬೇಕು. ಟ್ರೇಲರ್ ಜೊತೆಗೆ ಬರುವುದಾದರೆ ಅದರ ಆರ್‌ಸಿಯನ್ನೂ ಕೇಳಿ.

ಮುಂಗಡ ಕೊಡುವ ಮೊದಲು ಗಾಡಿಯನ್ನು ನಿಮ್ಮ ಹೊಲಕ್ಕೇ ತರಿಸಿ, ನಿಮ್ಮದೇ ನೇಗಿಲು ಕಟ್ಟಿ ಒಂದು ಗಂಟೆ ಉಳುಮೆ ಮಾಡಿಸಿ. ಡೀಸೆಲ್ ಖರ್ಚು ನಿಮ್ಮದಿರಲಿ. ಇಂಜಿನ್ ಬಿಸಿಯಾದ ಮೇಲೆ ನೇಗಿಲೆತ್ತಿ ನಿಲ್ಲಿಸಿ, ಇಂಜಿನ್ ಆರಿಸಿ, ಲಿಫ್ಟ್ ಇಳಿಯುತ್ತದೆಯೇ ಕಾದು ನೋಡಿ. ಒಪ್ಪಿಗೆಯಾಗಿ ಮನೆಗೆ ತಂದ ಮೇಲೆ ಹಳೆಯ ಮಾಲೀಕ ಏನೇ ಹೇಳಿರಲಿ, ಇಂಜಿನ್ ಆಯಿಲ್, ಗೇರ್ ಆಯಿಲ್, ಹೈಡ್ರಾಲಿಕ್ ಆಯಿಲ್ ಮತ್ತು ಎಲ್ಲ ಫಿಲ್ಟರ್ ಒಟ್ಟಿಗೇ ಬದಲಾಯಿಸಿ. ಹೌಸಿಂಗ್ ಬೋಲ್ಟುಗಳನ್ನೂ ಚಕ್ರದ ನಟ್ಟುಗಳನ್ನೂ ಮೊದಲ ವಾರದಲ್ಲಿ ಒಮ್ಮೆ, ತಿಂಗಳಾದ ಮೇಲೆ ಮತ್ತೊಮ್ಮೆ ಬಿಗಿಮಾಡಿಸಿ. ಕೆಳಗಿಳಿಸಿದ ಹಳೆಯ ಗೇರ್ ಆಯಿಲನ್ನು ಚೆಲ್ಲುವ ಮುನ್ನ ಬಟ್ಟೆಯಲ್ಲಿ ಸೋಸಿ ನೋಡಿ. ಕಬ್ಬಿಣದ ಹೊಟ್ಟು ಸಿಕ್ಕರೆ ಉಳುಮೆಗಿಳಿಸುವ ಮೊದಲೇ ಗೇರ್‌ಬಾಕ್ಸ್ ಬಿಚ್ಚಿಸಬೇಕು.