ಒಡಹುಟ್ಟಿದವರು ಆತ್ಮಹತ್ಯೆಯಿಂದ ತೀರಿಕೊಂಡಾಗ: ನಾವು ಆಡುವ ನಾಲ್ಕು ಮಾತು, ಅವುಗಳ ನಿಜ

ಕೋಗಿಲು ಕ್ರಾಸ್ ಸುತ್ತಲಿನ ಯಾವುದೇ ಬಡಾವಣೆಯಲ್ಲಿ ಸಾವಾದರೆ, ನೆಂಟರು ಬಂದು ಸೇರುವ ಮೊದಲೇ ಸುದ್ದಿ ವಾಟ್ಸ್‌ಆ್ಯಪ್ ಗ್ರೂಪ್‌ಗಳಿಗೆ ಬಂದಿರುತ್ತದೆ. ಅದು ಆತ್ಮಹತ್ಯೆಯಾಗಿದ್ದರೆ ಜೊತೆಗೆ ಫೋಟೊ, ಊಹೆ, ಬುದ್ಧಿಮಾತು ಕೂಡ. ತೀರಿಕೊಂಡವರ ತಮ್ಮನೋ ಅಕ್ಕನೋ ಅದೇ ಗ್ರೂಪ್‌ನಲ್ಲಿ ಇರಬಹುದು ಎಂಬುದು ನಮಗೆ ಹೊಳೆಯುವುದಿಲ್ಲ. ಅವರನ್ನು ನೋಯಿಸುವ ನಾಲ್ಕು ಮಾತುಗಳನ್ನು ಇಲ್ಲಿ ನೋಡೋಣ.

1. "ನೀನು ಗಟ್ಟಿಯಾಗಿರು, ಅಪ್ಪ ಅಮ್ಮನನ್ನು ನೋಡಿಕೋ"

ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತೇವೆ. ಆದರೆ ಶವಾಗಾರದ ಮುಂದೆ ಕಾಯುವುದು, ಕಾಗದಪತ್ರಕ್ಕೆ ಸಹಿ ಹಾಕುವುದು, ತಿಥಿಗೆ ಹಣ ಹೊಂದಿಸುವುದು ಹಲವು ಮನೆಗಳಲ್ಲಿ ಅವರ ಪಾಲಿಗೇ ಬರುತ್ತದೆ. ಅವರು ಅತ್ತರೋ ಇಲ್ಲವೋ ಎಂದು ಕೇಳುವವರು ಕಡಿಮೆ. ಹೀಗೆ ಸುತ್ತಲಿನವರು ಲೆಕ್ಕಕ್ಕೇ ತೆಗೆದುಕೊಳ್ಳದ ದುಃಖಕ್ಕೆ ಅಮೆರಿಕದ ಸಂಶೋಧಕ ಕೆನೆತ್ ಡೋಕಾ 1989ರಲ್ಲೇ ಒಂದು ಹೆಸರು ಕೊಟ್ಟರು: 'ಡಿಸ್‌ಎನ್‌ಫ್ರಾಂಚೈಸ್ಡ್ ಗ್ರೀಫ್'. ಅಳಲು ಹಕ್ಕೇ ಸಿಗದ ದುಃಖ ಎನ್ನಬಹುದು.

2. "ಒಂದೇ ಮನೆಯಲ್ಲಿದ್ದೂ ಗೊತ್ತಾಗಲಿಲ್ವಾ?"

ಈ ಪ್ರಶ್ನೆಯನ್ನು ಅವರು ದಿನಕ್ಕೆ ನೂರು ಸಲ ತಮಗೇ ಕೇಳಿಕೊಳ್ಳುತ್ತಿರುತ್ತಾರೆ. ಆತ್ಮಹತ್ಯೆಗೆ ಒಂದೇ ಕಾರಣ ಇರುವುದು ಅಪರೂಪ. ಅನೇಕರು ನೋವನ್ನು ಹತ್ತಿರದವರಿಂದಲೇ ಮುಚ್ಚಿಡುತ್ತಾರೆ. ನಡೆದುಹೋದ ಮೇಲೆ ಹಳೆಯ ಮಾತುಗಳೆಲ್ಲ ಸೂಚನೆಗಳಂತೆ ಕಾಣುತ್ತವೆ. ಆಗ ಅವು ಅಷ್ಟು ಸ್ಪಷ್ಟವಾಗಿ ಇರಲಿಲ್ಲ.

3. "ಪೊಲೀಸರು ಬಂದಿದ್ದಾರೆ ಅಂದ್ರೆ ಮನೆಯವರದ್ದೇ ಏನೋ ಇದೆ"

ಹಾಗಲ್ಲ. ಆತ್ಮಹತ್ಯೆಯ ಮಾಹಿತಿ ಬಂದಾಗ ಪೊಲೀಸರು ವಿಚಾರಣೆ ನಡೆಸುವುದು ಕಾನೂನಿನ ಕ್ರಮ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಸೆಕ್ಷನ್ ಇದನ್ನೇ ಹೇಳುತ್ತದೆ. ಪೊಲೀಸರು ಬಂದ ಮಾತ್ರಕ್ಕೆ ಯಾರ ಮೇಲೂ ಆರೋಪ ಹೊರಿಸಿದಂತಲ್ಲ.

4. "ಅದು ಆ ಮನೆಯ ಶಾಪ, ಇನ್ನೊಬ್ಬರೂ ಹಾಗೇ ಹೋಗ್ತಾರೆ"

ಶಾಪ ಎಂಬುದು ಸುಳ್ಳು. ಅಪಾಯ ಮಾತ್ರ ಸುಳ್ಳಲ್ಲ. ಸ್ವೀಡನ್‌ನಲ್ಲಿ ಇಡೀ ದೇಶದ ದಾಖಲೆಗಳನ್ನು ಇಟ್ಟುಕೊಂಡು ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಡಹುಟ್ಟಿದವರನ್ನು ಹೀಗೆ ಕಳೆದುಕೊಂಡವರಲ್ಲಿ ಆತ್ಮಹತ್ಯೆಯ ಅಪಾಯ ಉಳಿದವರಿಗಿಂತ ಹೆಚ್ಚಿರುವುದು ಕಂಡುಬಂತು. ಹಾಗಿದ್ದರೂ ಬಹುತೇಕರು ಆ ದಾರಿ ಹಿಡಿಯುವುದಿಲ್ಲ. ಅವರಿಗೆ ಬೇಕಿರುವುದು ಆಸರೆ. ಭಯ ಹುಟ್ಟಿಸುವ ಮಾತು ಆ ಆಸರೆಯನ್ನೇ ದೂರ ಮಾಡುತ್ತದೆ.

ಹಾಗಾದರೆ ನಾವೇನು ಮಾಡಬಹುದು?

ಫೋಟೊ, ಪತ್ರ, ಸತ್ತ ರೀತಿಯ ವಿವರ ಬಂದರೆ ನಿಮ್ಮಲ್ಲೇ ನಿಲ್ಲಿಸಿ, ಅಳಿಸಿ. ಇಂಥ ವಿವರ ಹರಡಿದರೆ ಆಗಲೇ ಕಷ್ಟದಲ್ಲಿರುವ ಬೇರೆಯವರಿಗೂ ಅಪಾಯ. ಹನ್ನೊಂದನೇ ದಿನ, ಹದಿಮೂರನೇ ದಿನ ಮುಗಿದು ಮನೆ ಖಾಲಿಯಾದ ಮೇಲೆ ಒಮ್ಮೆ ಹೋಗಿ ಬನ್ನಿ. "ನಿನಗೆ ಹೇಗಿದೆ?" ಎಂದು ಕೇಳಿ. ತೀರಿಕೊಂಡವರ ಹೆಸರು ಹೇಳಲು ಹಿಂಜರಿಯಬೇಡಿ. ಆ ಹೆಸರನ್ನು ಎಲ್ಲರೂ ಮರೆತುಬಿಟ್ಟರು ಎಂಬ ಭಾವನೆ ಇನ್ನಷ್ಟು ಭಾರ.

ಅನುಮಾನ ಬಂದರೆ "ಬದುಕೋದು ಬೇಡ ಅನ್ನಿಸ್ತಿದೆಯಾ?" ಎಂದು ನೇರವಾಗಿಯೇ ಕೇಳಬಹುದು. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬುದೂ ತಪ್ಪು ನಂಬಿಕೆ. ಹೌದು ಎಂದರೆ ಒಬ್ಬರನ್ನೇ ಬಿಡಬೇಡಿ, ಟೆಲಿ ಮಾನಸ್‌ಗೆ ಕರೆ ಮಾಡಿ: 14416. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ ಈ ಸಹಾಯವಾಣಿಗೆ ನಮ್ಮ ನಿಮ್ಹಾನ್ಸ್ ಮಾರ್ಗದರ್ಶಕ ಸಂಸ್ಥೆ. ಕರೆ ಉಚಿತ, ದಿನದ 24 ಗಂಟೆಯೂ ಸಿಗುತ್ತದೆ, ಕನ್ನಡದಲ್ಲೇ ಮಾತನಾಡಬಹುದು.

ಫಾರ್ವರ್ಡ್ ಮಾಡಲೇಬೇಕಿದ್ದರೆ ಈ ನಂಬರ್ ಮಾಡಿ.