ಪೆಟ್ಟಿಗೆ ಹಾಕಿಸಿದ ಬೈಕು ಪೆಟ್ರೋಲ್ ಕುಡಿಯಿತು!

ನನ್ನಿವಾಳ: ಪ್ಲಗ್ ಬಿಚ್ಚಿ ಅಂಗೈ ಮೇಲಿಟ್ಟಾಗ ಅದರ ತುದಿ ಒಲೆ ಮಸಿಯಂತೆ ಕಪ್ಪಗಿತ್ತು. "ಪೆಟ್ರೋಲ್ ಜಾಸ್ತಿ ಕುಡೀತೈತೆ ಕಣಪ್ಪ, ಪೂರ್ತಿ ಸುಡ್ತಾ ಇಲ್ಲ" ಎಂದರು ಮೆಕ್ಯಾನಿಕ್. ಇಷ್ಟು ಹೇಳಲು ಅವರಿಗೆ ಯಾವ ಕಂಪ್ಯೂಟರೂ ಬೇಕಾಗಲಿಲ್ಲ. ಆದರೆ ಕಮ್ಮಿ ಮಾಡುವುದು ಹೇಗೆ? ತಿರುಗಿಸೋಣವೆಂದರೆ ಈ ಗಾಡಿಯಲ್ಲಿ ಸ್ಕ್ರೂ ಎಲ್ಲಿದೆ ಸ್ವಾಮಿ?

ಗಾಡಿ ಇದೇ ಊರಿನ ರೈತರೊಬ್ಬರ ಮಗನದು. ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಗ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ಇಂಜೆಕ್ಷನ್ ಬೈಕು. ಅಲ್ಲೇ ಗುಡುಗುವ ಸೈಲೆನ್ಸರ್ ಹಾಕಿಸಿದ. ಅದಕ್ಕೆ ಜೋಡಿಯಾಗಿ ಸೀಟಿನಡಿ ಸಿಗರೇಟ್ ಪ್ಯಾಕಿನಷ್ಟು ದೊಡ್ಡ ಪೆಟ್ಟಿಗೆಯೊಂದನ್ನೂ ಕೂರಿಸಿದರು. ಊರಿಗೆ ಬಂದ ಮೇಲೆ ಸದ್ದಿಗೆ ಹಿರಿಯರು ಬೈದರು, ಪೊಲೀಸರ ಭಯ ಬೇರೆ. ಹಳೆ ಸೈಲೆನ್ಸರ್ ವಾಪಸ್ ಬಂತು. ಪೆಟ್ಟಿಗೆ ಮಾತ್ರ ಇದ್ದಲ್ಲೇ ಉಳಿಯಿತು. ಅಲ್ಲಿಂದ ಶುರುವಾಯಿತು ಗ್ರಹಚಾರ. ಮೈಲೇಜು ಇಳಿಯಿತು, ಹೊಗೆ ಕಪ್ಪಾಯಿತು. ಅಪ್ಪನಿಗೆ ಚಳ್ಳಕೆರೆ ಮಾರುಕಟ್ಟೆಗೆ ಹೋಗಿ ಬರಲು ಇರುವುದೂ ಇದೊಂದೇ ಗಾಡಿ. ಪೆಟ್ರೋಲ್ ಲೀಟರಿಗೆ ನೂರು ರೂಪಾಯಿ ದಾಟಿರುವ ಈ ಕಾಲದಲ್ಲಿ ಮನೆಯಲ್ಲಿ ಜಗಳವಾಗದೆ ಇರುತ್ತದೆಯೇ?

ಇದು ಒಬ್ಬನ ಕಥೆಯಾಗಿದ್ದರೆ ಬರೆಯಬೇಕಿರಲಿಲ್ಲ. ನಮ್ಮ ಕಡೆಯ ಎಷ್ಟೋ ಹುಡುಗರಿಗೆ ಈ ಪೆಟ್ಟಿಗೆಯ ಹುಚ್ಚು ಹಿಡಿದಿದೆ. ಅದು ಏನು ಮಾಡುತ್ತದೆಂದು ಕೇಳಿದರೆ "ಪವರ್ ಬತ್ತದೆ ಅಣ್ಣ" ಎನ್ನುತ್ತಾರೆ. ಅದರಾಚೆಗೆ ಮಾತಿಲ್ಲ.

ಎಣ್ಣೆ ಊರಿನವರಿಗೆ ಎಣ್ಣೆಯ ಲೆಕ್ಕದಲ್ಲೇ ಹೇಳೋಣ. ಹಳೆಯ ಕಾರ್ಬುರೇಟರ್ ಅಂದರೆ ಪಾವಿನಲ್ಲಿ ಅಳೆದು ಕೊಡುವ ಅಂಗಡಿ. ಇಂಜಿನ್ ಗಾಳಿ ಎಳೆದಾಗ ಆ ಸೆಳೆತಕ್ಕೆ ಸಣ್ಣ ತೂತಿನಿಂದ ಪೆಟ್ರೋಲ್ ತಾನೇ ಬರುತ್ತದೆ. ಹೆಚ್ಚು ಕಮ್ಮಿಯಾದರೆ ಸ್ಕ್ರೂ ಅರ್ಧ ಸುತ್ತು ಈ ಕಡೆ, ಕಾಲು ಸುತ್ತು ಆ ಕಡೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕುವವರೆಗೂ ಮಾಡಿದ್ದು ಇಂಥ ಗಾಡಿಗಳನ್ನೇ. ಕಿವಿಯಿಟ್ಟು ಕೇಳಿ ಟ್ಯೂನಿಂಗ್ ಮಾಡುವ ಮೆಕ್ಯಾನಿಕ್‌ಗೆ ಊರಲ್ಲಿ ಡಾಕ್ಟರಷ್ಟೇ ಮರ್ಯಾದೆ ಇತ್ತು.

ಇಂಜೆಕ್ಷನ್ ಅಂದರೆ ಎಲೆಕ್ಟ್ರಾನಿಕ್ ತಕ್ಕಡಿ. ಟ್ಯಾಂಕಿನೊಳಗಿನ ಪಂಪು ಒತ್ತಡದಲ್ಲಿ ಪೆಟ್ರೋಲ್ ನೂಕುತ್ತದೆ. ಆಕ್ಸಿಲರೇಟರ್ ಎಷ್ಟು ತಿರುಗಿದೆ, ಇಂಜಿನ್ ಎಷ್ಟು ಬಿಸಿಯಾಗಿದೆ, ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಎಂದು ಸೆನ್ಸರುಗಳು ಚಾಡಿ ಹೇಳುತ್ತವೆ. ಅದನ್ನು ಕೇಳಿಕೊಂಡು ಇಸಿಯು ಎಂಬ ಕಂಪ್ಯೂಟರು ಇಂಜೆಕ್ಟರಿನ ಬಾಯಿ ತೆರೆಸುತ್ತದೆ. ಇಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗುವಾಗ ಸೆಕೆಂಡಿಗೆ 50 ಸಲ ಈ ಕೆಲಸ ಆಗಬೇಕು. ಒಂದು ಗ್ರಾಂ ಪೆಟ್ರೋಲ್ ಪೂರಾ ಸುಡಲು ಸುಮಾರು 14.7 ಗ್ರಾಂ ಗಾಳಿ ಬೇಕು. ಎಥೆನಾಲ್ 20 ಭಾಗ ಬೆರೆತ ಈಗಿನ ಇ20 ಪೆಟ್ರೋಲಿಗೆ ಅದು ಸುಮಾರು 13.5ಕ್ಕೆ ಇಳಿಯುತ್ತದೆ.

ನಮ್ಮ ದೇಶದಲ್ಲಿ 2006ರಲ್ಲೇ ಹೀರೋ ಹೋಂಡಾದವರು ಗ್ಲಾಮರ್ ಗಾಡಿಗೆ ಇಂಜೆಕ್ಷನ್ ಕೊಟ್ಟಿದ್ದರು. ಆಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂತು ನೋಡಿ, ಆಮೇಲೆ ಹೊಸ ಬೈಕುಗಳೆಲ್ಲ ಹೆಚ್ಚುಕಮ್ಮಿ ಇಂಜೆಕ್ಷನ್ನೇ.

ಈಗ ಪೆಟ್ಟಿಗೆಯ ವಿಚಾರ. ಇದು ಇಸಿಯು ಮತ್ತು ಇಂಜೆಕ್ಟರಿನ ನಡುವೆ ಕೂರುವ ದಲ್ಲಾಳಿ. ಇಸಿಯು "ಇಷ್ಟು ಹೊತ್ತು ತೆರೆ" ಎಂದರೆ, ಇದು ತನ್ನ ಪಟ್ಟಿ ನೋಡಿ "ಇನ್ನೂ ಶೇಕಡ ಐದು ಸೇರಿಸು" ಎನ್ನುತ್ತದೆ. ಪಟ್ಟಿಗೆ ಮ್ಯಾಪ್ ಎಂದು ಹೆಸರು. ಒಂದು ಕಡೆ ಇಂಜಿನ್ ವೇಗ, ಇನ್ನೊಂದು ಕಡೆ ಆಕ್ಸಿಲರೇಟರ್ ತೆರೆದ ಪ್ರಮಾಣ, ನಡುವೆ ಮಗ್ಗಿ ಪುಸ್ತಕದ ಹಾಗೆ ಮನೆ ಮನೆಗೂ ಒಂದು ಅಂಕಿ. ಇಂಥ ಪೆಟ್ಟಿಗೆ ಮಾಡುವವರು ಪರದೇಶದಲ್ಲಷ್ಟೇ ಇಲ್ಲ. ಪವರ್‌ಟ್ರಾನಿಕ್ ಎಂಬ ಹೆಸರಿನದನ್ನು ಮಾಡುವ ರೇಸ್ ಡೈನಾಮಿಕ್ಸ್ ನಮ್ಮ ಬೆಂಗಳೂರಿನದೇ. ವಸ್ತುವಿನ ಮೇಲೆ ನಮ್ಮ ದೂರಿಲ್ಲ. ಬಳಸುವ ರೀತಿಯ ಮೇಲಿದೆ.

ಸರಿಯಾಗಿ ಟ್ಯೂನ್ ಮಾಡುವವರು ಮೊದಲು ಗಾಡಿಯನ್ನೇ ರಿಪೇರಿ ಮಾಡುತ್ತಾರೆ. ಏರ್ ಫಿಲ್ಟರ್, ಪ್ಲಗ್, ವಾಲ್ವಿನ ಸಂದು, ಎಲ್ಲಾದರೂ ಗಾಳಿ ಸೋರಿಕೆ, ಪಂಪಿನ ಒತ್ತಡ, ಎಲ್ಲ ನೋಡುತ್ತಾರೆ. ಆಮೇಲೆ ಗಾಡಿಯನ್ನು ಡೈನೋ ಎಂಬ ಉರುಳೆಯ ಮೇಲೆ ಓಡಿಸಿ, ಸೈಲೆನ್ಸರ್ ಕೊಳವೆಗೆ ವೈಡ್‌ಬ್ಯಾಂಡ್ ಸೆನ್ಸರ್ ಇಟ್ಟು, ಒಂದೊಂದು ಮನೆಯ ಅಂಕಿಯನ್ನೂ ತಿದ್ದುತ್ತಾರೆ. ಪೂರ್ತಿ ಜೋರಿನಲ್ಲಿ 13ರ ಆಸುಪಾಸು, ನಿಧಾನದ ಓಟದಲ್ಲಿ 14.7ರ ಹತ್ತಿರ. ಸೈಲೆನ್ಸರ್ ಬದಲಾದರೆ ಮತ್ತೆ ಮೊದಲಿಂದ ಕೆಲಸ. ಯಾರದೋ ಗಾಡಿಯ ಮ್ಯಾಪನ್ನು ಫೋನಿನಲ್ಲಿ ತರಿಸಿ ನಮ್ಮ ಗಾಡಿಗೆ ತುಂಬುವುದೆಂದರೆ ಪಕ್ಕದ ಮನೆಯವರ ಕನ್ನಡಕ ಹಾಕಿಕೊಂಡಂತೆ. ಪೆಟ್ರೋಲ್ ಜಾಸ್ತಿಯಾದರೆ ಸಿಲಿಂಡರ್ ಗೋಡೆಯ ಆಯಿಲ್ ತೊಳೆದುಹೋಗಿ ಪಿಸ್ಟನ್ ಸವೆಯುತ್ತದೆ. ಕಮ್ಮಿಯಾದರೆ ಇನ್ನೂ ಕಷ್ಟ, ಇಂಜಿನ್ ಕಾದು ಪಿಸ್ಟನ್ ತೂತಾಗುವುದೂ ಉಂಟು.

ಕಾನೂನಿನ ಮಾತೂ ಇದೆ. ಅನುಮತಿಯಿಲ್ಲದೆ ಗಾಡಿ ಬದಲಾಯಿಸಿದರೆ, 2019ರ ತಿದ್ದುಪಡಿ ಪ್ರಕಾರ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು.

ನನ್ನಿವಾಳದ ಮೆಕ್ಯಾನಿಕ್ ಮಾಡಿದ್ದು ಇಷ್ಟೇ. ಪೆಟ್ಟಿಗೆಯ ವೈರುಗಳನ್ನು ಒಂದೊಂದಾಗಿ ಹಿಂದೆ ಹುಡುಕಿಕೊಂಡು ಹೋದರು. ಕಂಪನಿಯ ಕಪ್ಲರ್‌ಗಳನ್ನು ಮೊದಲಿನಂತೆ ಜೋಡಿಸಿದರು. ಏರ್ ಫಿಲ್ಟರ್ ತೆಗೆದು ಬಡಿದರೆ ಹೊಲದ ಮಣ್ಣೇ ಉದುರಿತು. ಹೊಸದು ಹಾಕಿದರು. ಪ್ಲಗ್ ಬದಲಾಯಿಸಿದರು. ಗಾಡಿ ಸ್ಟಾರ್ಟಾದಾಗ ಮೀಟರಿನ ಹಳದಿ ದೀಪ ಹತ್ತಿ ಆರಿತು. ದೀಪ ಎಷ್ಟು ಸಲ ಮಿಟುಕಿದರೆ ಯಾವ ಸೆನ್ಸರಿನ ದೂರು ಎಂಬ ಪಟ್ಟಿಯನ್ನು ಅವರು ಕ್ಯಾಲೆಂಡರ್ ಹಾಳೆಯ ಹಿಂದೆ ಪೆನ್ಸಿಲಿನಲ್ಲಿ ಬರೆದಿಟ್ಟುಕೊಂಡಿದ್ದಾರೆ. ಯಾರೂ ಕಲಿಸಿದ್ದಲ್ಲ, ಫೋನು ನೋಡಿ ಕಲಿತದ್ದು.

"ಸ್ಕ್ಯಾನರ್ ತಗೊಳ್ಳೋಣ ಅಂದ್ರೆ ಕಂಪನಿಗೊಂದು ತರ ಐತೆ ಸಾರ್. ಎಷ್ಟು ಅಂತ ತಗೊಳ್ಳಲಿ? ಜನ ಎಲ್ಲ ಶೋರೂಮಿಗೆ ಹೋದ್ರೆ ನನ್ನ ಹೊಟ್ಟೆ ಗತಿ ಏನು?" ಎಂದು ಅವರು ಕೇಳಿದಾಗ ಈ ವರದಿಗಾರನ ಬಳಿ ಉತ್ತರ ಇರಲಿಲ್ಲ. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ರಿಪೇರಿ ಹಕ್ಕಿನ ಜಾಲತಾಣ ತೆರೆದು, ವಾಹನಗಳನ್ನೂ ಅದರಲ್ಲಿ ಸೇರಿಸಿತು. ಆ ಹಕ್ಕು ಹಳ್ಳಿಯ ಮೆಕ್ಯಾನಿಕ್ ಕೈಗೆ ಸ್ಕ್ಯಾನರ್ ಆಗಿ ಯಾವಾಗ ಬರುತ್ತದೋ. ಇದೇ ತಾಲೂಕಿನಲ್ಲಿ ಡಿಆರ್‌ಡಿಒದವರು ಪೈಲಟ್ ಇಲ್ಲದ ವಿಮಾನ ಹಾರಿಸಿ ಪರೀಕ್ಷೆ ಮಾಡುತ್ತಾರೆ. ನಮ್ಮವರ ಕೈಯಲ್ಲಿ ಇನ್ನೂ ಪೆನ್ಸಿಲ್ ಪಟ್ಟಿ.

ಓದುಗರಿಗೆ ಅವರು ಹೇಳಿ ಕಳಿಸಿದ ಎರಡು ಮಾತು: ಇಂಜೆಕ್ಷನ್ ಗಾಡಿಯ ಟ್ಯಾಂಕ್ ಪೂರಾ ಒಣಗಿಸಬೇಡಿ, ಪಂಪು ತಣ್ಣಗಿರುವುದು ಪೆಟ್ರೋಲಿನಿಂದಲೇ. ಬ್ಯಾಟರಿ ಪೂರ್ತಿ ಸತ್ತರೆ ಕಿಕ್ ಹೊಡೆದು ಕಾಲು ನೋಯಿಸಿಕೊಳ್ಳಬೇಡಿ, ಪಂಪು ಓಡದೆ ಇಂಜಿನ್ ಏಳುವುದಿಲ್ಲ.

ಹುಡುಗನ ಅಪ್ಪ ಈಗ ಅದೇ ಗಾಡಿಯಲ್ಲಿ ಚಳ್ಳಕೆರೆಗೆ ಓಡಾಡುತ್ತಿದ್ದಾರೆ. ಪೆಟ್ಟಿಗೆ ಮೆಕ್ಯಾನಿಕ್ ಅಂಗಡಿಯ ಗೂಟಕ್ಕೆ ಪ್ಲಾಸ್ಟಿಕ್ ಚೀಲದಲ್ಲಿ ನೇತಾಡುತ್ತಿದೆ. ಅರ್ಧ ರೇಟಿಗಾದರೂ ಕೊಡಿಸಿ ಅಣ್ಣ ಎಂದು ಹುಡುಗ ದಿನಾ ಬಂದು ಕೇಳುತ್ತಾನಂತೆ.